ಅಪ್ಪೆಮರ ಇರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದೆ. ರಸ್ತೆ ಅಗಲವಾಗಿದೆ, ಬಸ್ಸು ಬೇಗ ಮುಟ್ಟಿಸುತ್ತದೆ. ಆದರೆ ಕಿಟಕಿ ಪಕ್ಕ ಕೂತರೆ ಮೊದಲಿನ ನೆರಳಿಲ್ಲ. ಮನಸ್ಸಿಗೆ ಕಸಿವಿಸಿಯಾಯಿತು.

ಈಗ ಮಾವಿನ ಮಿಡಿಯ ಕಾಲ. ಮನೆಗೆ ಬಂದರೆ ಜಗಲಿ ಮೇಲೆ ಒಂದು ಬುಟ್ಟಿ ಅಪ್ಪೆಮಿಡಿ, ಅದೇ ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿ. ಒಂದರ ತೊಟ್ಟು ಮುರಿದೆ. ಸೊನೆ ಚಿಮ್ಮಿತು, ಕೈಯೆಲ್ಲ ಜೀರಿಗೆ ಪರಿಮಳ. ತೊಳೆದರೂ ಹೋಗಲಿಲ್ಲ.

ತೊಟ್ಟು ಸಮೇತ ಕೊಯ್ದರೆ ಮಾತ್ರ ಉಪ್ಪಿನಕಾಯಿ ಬಾಳಿಕೆ ಬರುತ್ತದೆ, ನಿಮಗೆ ಗೊತ್ತೇ ಇದೆ. ಆದರೆ ಮರ ಹತ್ತುವವರು ಈಗ ಸಿಗುವುದಿಲ್ಲ. ಹುಡುಗರೆಲ್ಲ ಬೆಂಗಳೂರಲ್ಲಿ. ಹಾಗಾಗಿ ಕೆಲವು ಕಡೆ ಟೊಂಗೆಯನ್ನೇ ಕಡಿದು ಕೆಳಗೆ ಕೂತು ಮಿಡಿ ಬಿಡಿಸುತ್ತಾರೆ. ಇದು ನೋಡಲಾಗದ ಸಂಕಟ. 1983ರಲ್ಲಿ ಇಲ್ಲೇ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡು ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡು ನಿಂತಿದ್ದರು, ಅಲ್ವಾ?

ದಯವಿಟ್ಟು ಯಾರಿಗೂ ಟೊಂಗೆ ಕಡಿಯಲು ಬಿಡಬೇಡಿ. ನಿಮ್ಮ ಬೆಟ್ಟ, ಹೊಳೆದಂಡೆಯಲ್ಲಿ ಒಳ್ಳೆ ಮರವಿದ್ದರೆ ಫೋಟೋ ಹಾಕಿ, ಪರಿಮಳ ಹೇಗೆ ಅಂತ ಬರೆಯಿರಿ. ಕಸಿ ಕಟ್ಟಲು ಬರುವ ಹಿರಿಯರು ಗುಂಪಿನಲ್ಲಿದ್ದರೆ ತಿಳಿಸಿ. ಮಳೆಗಾಲಕ್ಕೆ ಗಿಡ ಮಾಡಿ ಹಂಚಿಕೊಳ್ಳೋಣ.