ಪಾಚಿಯನ್ನು ಫ್ರೀಜ್ ಮಾಡುವ ಮುನ್ನ

ಚಿರಂಜೀವಿ ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸೂಕ್ಷ್ಮಪಾಚಿಯ ತಳಿಗಳನ್ನು ಫ್ರೀಜ್ ಮಾಡಿಡಲು ಹೊರಟಿರುವುದು ಒಳ್ಳೆಯದೇ ಆಯಿತು. ಸದಾ ಹೊಸ ಮೀಡಿಯಂಗೆ, ಅಂದರೆ ಪೋಷಕ ದ್ರಾವಣಕ್ಕೆ, ದಾಟಿಸುತ್ತಾ ಕೂತರೆ ತಳಿಯ ಗುಣ ಬದಲಾಗಬಹುದು, ಬ್ಯಾಕ್ಟೀರಿಯಾ ಸೇರಿಕೊಳ್ಳಬಹುದು. ಆದರೆ ಫ್ರೀಜ್ ಮಾಡಿದ ಒಂದು ವಯಲ್ (ಮುಚ್ಚಳವಿರುವ ಪುಟ್ಟ ಸೀಸೆ) ಕರಗಿಸಿ, ಪಾಚಿ ಮತ್ತೆ ಬೆಳೆಯುವುದನ್ನು ಕಣ್ಣಾರೆ ನೋಡುವ ತನಕ, ಬೆಳೆಸಿಟ್ಟ ಜೀವಂತ ಕಲ್ಚರನ್ನು ಚೆಲ್ಲಬೇಡ.

ಮೊದಲು ಕ್ಲೋರೆಲ್ಲಾ ತೆಗೆದುಕೋ. ಕೋಶ ಚಿಕ್ಕದು, ಗೋಡೆ ಗಟ್ಟಿ, ತಡೆದುಕೊಳ್ಳುತ್ತದೆ. ಯೂಗ್ಲಿನಾ, ಡೈನೋಫ್ಲಾಜಲೇಟ್‌ಗಳಂಥ ಫ್ರೀಜ್ ಮಾಡಲು ಕಷ್ಟವಾದ ಪಾಚಿಗಳ ಗೊಡವೆ ಕೈ ಪಳಗಿದ ಮೇಲೆ ಸಾಕು. ಬೆಳವಣಿಗೆಯ ವೇಗ ಇಳಿಯತೊಡಗಿದ, ದಟ್ಟವಾದ ಕಲ್ಚರ್ ಬೇಕು.

ಫ್ರೀಜ್ ಮಾಡುವಾಗ ಕೋಶಗಳನ್ನು ಕಾಪಾಡುವ ರಾಸಾಯನಿಕ ಡಿಎಂಎಸ್ಒ (ಡೈಮೀಥೈಲ್ ಸಲ್ಫಾಕ್ಸೈಡ್). ಅದು ನೀರಿಗೆ ಬೆರೆತಾಗ ಬಿಸಿಯಾಗುತ್ತದೆ, ಕಲ್ಚರ್‌ಗೆ ನೇರ ಸುರಿಯಬೇಡ. ಮೀಡಿಯಂನಲ್ಲಿ 10% ದ್ರಾವಣ ಮಾಡಿ, ಡಿಎಂಎಸ್ಒ ತಡೆಯುವ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಆರಿದ ಮೇಲೆ ಅಷ್ಟೇ ಪ್ರಮಾಣದ ಕಲ್ಚರ್‌ಗೆ ಸ್ವಲ್ಪ ಸ್ವಲ್ಪವಾಗಿ ಬೆರೆಸು. ಕೊನೆಗೆ 5% ಆಗುತ್ತದೆ. ವಯಲ್‌ಗೆ 1 ಮಿಲಿಯಂತೆ ತುಂಬಿ, ಮಂದ ಬೆಳಕಿನಲ್ಲಿ 10–15 ನಿಮಿಷ ಬಿಡು.

ತಣಿಸುವ ವೇಗದಲ್ಲೇ ಎಲ್ಲ ಇರುವುದು. ನಿಮಿಷಕ್ಕೆ 1 ಡಿಗ್ರಿಯಷ್ಟು ಇಳಿದರೆ ಮಂಜುಗಡ್ಡೆ ಮೊದಲು ಕೋಶದ ಹೊರಗೆ ಕಟ್ಟಿಕೊಂಡು ಒಳಗಿನ ನೀರನ್ನು ನಿಧಾನಕ್ಕೆ ಎಳೆದುಕೊಳ್ಳುತ್ತದೆ. ಅವಸರ ಮಾಡಿದರೆ ಒಳಗೇ ಹರಳುಗಟ್ಟಿ ಪೊರೆ ಹರಿಯುತ್ತದೆ. ತೀರಾ ನಿಧಾನವಾದರೆ ಗಾಢವಾದ ಲವಣದಲ್ಲಿ ಕೋಶ ಸುಕ್ಕುಗಟ್ಟಿ ಸಾಯುತ್ತದೆ. ವಯಲ್ ಇಡುವ ಜಾಗದ ಸುತ್ತ ಐಸೊಪ್ರೊಪೈಲ್ ಆಲ್ಕೋಹಾಲ್ ತುಂಬಿದ ಡಬ್ಬಿಯಲ್ಲಿ ವಯಲ್‌ಗಳನ್ನಿಟ್ಟು −80 ಡಿಗ್ರಿ ಫ್ರೀಜರಿನಲ್ಲಿ ಸುಮಾರು ಒಂದೂವರೆ ಗಂಟೆ ಬಿಟ್ಟರೆ ಈ ವೇಗ ಸಿಗುತ್ತದೆ. ಐದು ಸಲ ಬಳಸಿದ ಆಲ್ಕೋಹಾಲ್ ಬದಲಿಸು. ಆಮೇಲೆ ತಡಮಾಡದೆ ದ್ರವ ಸಾರಜನಕಕ್ಕೆ ಹಾಕಬೇಕು. −80ರಲ್ಲೇ ವರ್ಷಗಟ್ಟಲೆ ಬಿಟ್ಟರೆ ಹರಳುಗಳು ಮೆಲ್ಲಗೆ ದೊಡ್ಡದಾಗಿ ಕೋಶಗಳನ್ನು ಹಾಳುಮಾಡುತ್ತವೆ.

ಕರಗಿಸುವಾಗ ನಿಧಾನ ಬೇಡ. 37–40 ಡಿಗ್ರಿ ನೀರಿನಲ್ಲಿ ಅಲುಗಾಡಿಸುತ್ತಾ, ಕೊನೆಯ ಮಂಜಿನ ಚೂರು ಮಾಯವಾಗುತ್ತಿದ್ದಂತೆ ಹೊರಗೆ ತೆಗೆ. 10 ಮಿಲಿ ಹೊಸ ಮೀಡಿಯಂಗೆ ಹಾಕಿದರೆ ಡಿಎಂಎಸ್ಒ ಅರ್ಧ ಶೇಕಡಕ್ಕಿಂತ ಕೆಳಗಿಳಿಯುತ್ತದೆ. ಪೆಟ್ಟು ತಿಂದ ಕೋಶಗಳನ್ನು ಸೆಂಟ್ರಿಫ್ಯೂಜ್‌ಗೆ (ವೇಗವಾಗಿ ತಿರುಗಿಸಿ ಕೋಶಗಳನ್ನು ತಳಕ್ಕಿಳಿಸುವ ಯಂತ್ರಕ್ಕೆ) ಹಾಕಬೇಡ. ಟ್ಯೂಬಿಗೆ ಫಾಯಿಲ್ ಸುತ್ತಿ ಒಂದು ದಿನ ಕತ್ತಲಲ್ಲಿಡು, ಆಮೇಲೆ ಕೆಲವು ದಿನ ಮಂದ ಬೆಳಕು. ದ್ಯುತಿಸಂಶ್ಲೇಷಣೆಯ ಅಂಗಗಳು ಸುಧಾರಿಸಿಕೊಳ್ಳುವ ಮೊದಲೇ ಬೆಳಕು ಬಿದ್ದರೆ, ಬದುಕುಳಿದ ಕೋಶವೂ ಆ ಬೆಳಕಿನಿಂದಲೇ ಸಾಯುತ್ತದೆ.

ಹಸಿರು ಬಣ್ಣ ನೋಡಿ ಹಿಗ್ಗಬೇಡ, ಸತ್ತ ಕೋಶವೂ ಕೆಲಕಾಲ ಹಸಿರಾಗಿಯೇ ಇರುತ್ತದೆ. ಫ್ರೀಜ್ ಮಾಡುವ ಮೊದಲಿನದು ಮತ್ತು ಕರಗಿಸಿದ್ದು, ಎರಡನ್ನೂ ಅಗರ್ (ಗಟ್ಟಿಗೊಳಿಸಿದ ಮೀಡಿಯಂ) ಮೇಲೆ ಹರಡಿ, ಬದುಕಿದ ಕೋಶಗಳು ಬೆಳೆದು ಕಟ್ಟುವ ಗುಂಪುಗಳನ್ನು, ಅಂದರೆ ಕಾಲೊನಿಗಳನ್ನು, ಎಣಿಸು. ಜೊತೆಗೆ ಡಿಎಂಎಸ್ಒ ಬೆರೆಸಿ, ಫ್ರೀಜ್ ಮಾಡದೆ, ಅದೇ 10–15 ನಿಮಿಷ ಬಿಟ್ಟು ಹೊಸ ಮೀಡಿಯಂಗೆ ಹಾಕಿದ ಒಂದು ವಯಲ್ ಇರಲಿ. ಅದರಲ್ಲೂ ಕಾಲೊನಿ ಕಡಿಮೆ ಬಂದರೆ ತಪ್ಪು ಡಿಎಂಎಸ್ಒದ್ದು, ಮುಂದಿನ ಸಲ 5% ಮೆಥನಾಲ್ ಪರೀಕ್ಷಿಸು. ಆ ವಯಲ್‌ನ ಕಾಲೊನಿ ಚೆನ್ನಾಗಿದ್ದರೆ ತಪ್ಪನ್ನು ತಣಿಸುವ ಅಥವಾ ಕರಗಿಸುವ ಹಂತದಲ್ಲಿ ಹುಡುಕು.

ಮುಖಕವಚ ಇಲ್ಲದೆ ಸಾರಜನಕದ ಹತ್ತಿರ ಹೋಗಬೇಡ ಮಗಳೇ. ದ್ರವ ಒಳಗೆ ನುಸುಳಿದ ವಯಲ್ ಕರಗಿಸುವಾಗ ಸಿಡಿಯುತ್ತದೆ. ಆದಷ್ಟು ದ್ರವದ ಮೇಲಿನ ಆವಿಯಲ್ಲೇ ಇಡು, ಕೋಣೆಯಲ್ಲಿ ಗಾಳಿ ಆಡುತ್ತಿರಲಿ.

ಇಂತಿ,
ನಿನ್ನ ದೊಡ್ಡಮ್ಮ