ಹೆಪಟೈಟಿಸ್ ಸಿ: ಹಣೆಬರಹ ಅನ್ನಬೇಡಿ

ಮಾನ್ಯರೇ,

ನಮ್ಮ ಭಾವನಿಗೂ ಪಕ್ಕದೂರಿನ ಒಬ್ಬರಿಗೂ ಹೆಪಟೈಟಿಸ್ ಸಿ, ಅಂದರೆ ವೈರಸ್ಸಿನಿಂದ ಬರುವ ಲಿವರ್ ಕಾಯಿಲೆ, ಇತ್ತು. ಇಬ್ಬರೂ 12 ವಾರ ಸೊಫೊಸ್ಬುವಿರ್–ವೆಲ್ಪಟಾಸ್ವಿರ್ ಮಾತ್ರೆ ನುಂಗಿದರು. ಪಕ್ಕದೂರಿನವರಿಗೆ ವಾಸಿಯಾಯಿತು, ಭಾವನಿಗೆ ಆಗಲಿಲ್ಲ. ‘ಅವರವರ ಹಣೆಬರಹ’ ಎಂದರು ಊರವರು.

ಹಣೆಬರಹ ಅಲ್ಲ ಸ್ವಾಮಿ. ಭಾವನಿಗೆ ಆಗಲೇ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು) ಆಗಿತ್ತು. ವೈರಸ್ಸೂ 3ನೇ ಬಗೆಯದು. ಇವೆರಡೂ ಸೇರಿದರೆ ಗುಣವಾಗುವುದು ಸ್ವಲ್ಪ ಕಷ್ಟವೇ. ಸಾಲದ್ದಕ್ಕೆ ಅಡಿಕೆ ಕೊಯ್ಲಿನ ಗಡಿಬಿಡಿ. ಕೊಯ್ಲು ಮುಗಿದ ಮೇಲೆ ನೋಡಿದರೆ ಡಬ್ಬಿಯಲ್ಲಿ ಒಂಬತ್ತು ಮಾತ್ರೆ ಹಾಗೇ ಕೂತಿತ್ತು! ಎದೆಯುರಿ ಅಂತ ದಿನಾ ಗ್ಯಾಸ್ ಮಾತ್ರೆಯನ್ನೂ ನುಂಗುತ್ತಿದ್ದರು. ಹೊಟ್ಟೆಯ ಆಮ್ಲ ಕಡಿಮೆಯಾದರೆ ವೆಲ್ಪಟಾಸ್ವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಹಿಂದೆ ಇಂಟರ್‌ಫೆರಾನ್ ಇಂಜೆಕ್ಷನ್ ಕಾಲದಲ್ಲಿ ಎಷ್ಟೋ ಜನರಿಗೆ ವರ್ಷವಿಡೀ ಚುಚ್ಚಿಸಿಕೊಂಡರೂ ಫಲ ಸಿಗುತ್ತಿರಲಿಲ್ಲ. ಈಗಿನ ಮಾತ್ರೆಯಲ್ಲಿ 100ಕ್ಕೆ ಸುಮಾರು 95 ಮಂದಿ ಗುಣವಾಗುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಔಷಧಿ ಉಚಿತ. ಗುಣವಾಗದೆ ಉಳಿದವರಿಗೂ ಬೇರೆ ಔಷಧಿ ಜೋಡಿಸಿ ಮತ್ತೆ ಚಿಕಿತ್ಸೆ ಕೊಡಬಹುದು. ಭಾವನಿಗೆ ಈಗ ಅದೇ ನಡೆಯುತ್ತಿದೆ.

ಮಲೆನಾಡಿನ ಆಸ್ಪತ್ರೆಗಳಲ್ಲಿ ಮಾತ್ರೆ ಕೊಡುವಾಗ, ‘ಬೇರೆ ಏನು ನುಂಗ್ತೀರಿ?’ ಅಂತ ದಯವಿಟ್ಟು ಒಂದು ಮಾತು ಕೇಳಿ.

– ಓದುಗ, ಹೊಸನಗರ