ಕಮಾನಿಗೆ ದುಡ್ಡಿದೆ, ದಾಖಲಾತಿ ಪುಸ್ತಕಕ್ಕೆ ಬೀರು ಇಲ್ಲ

ಸಂಪಾದಕರೇ,

ನಮ್ಮೂರ ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಬಗ್ಗೆ ನೀವು ಹಾಕಿದ ಅರ್ಧ ಪುಟದ ವರದಿ ಓದಿದೆ. ಫೋಟೊ ಚೆನ್ನಾಗಿದೆ. ಹೊಸ ಕಮಾನು, ಕಮಾನಿನ ತುಂಬ ಶಾಸಕರ ಹೆಸರು, ಪಕ್ಕದಲ್ಲಿ ಗ್ರಾನೈಟ್ ಕಲ್ಲಿನ ಮೇಲೆ 'ಶಾಲೆಯ ಇತಿಹಾಸ'. ನಿಮ್ಮ ವರದಿಗಾರರು ಆ ಕಲ್ಲು ನೋಡಿ ಹಾಗೇ ಬರೆದುಕೊಂಡಂತಿದೆ. ಶಾಲೆಗೆ ಜಾಗ ಬಿಟ್ಟುಕೊಟ್ಟ ರೈತರ ಹೆಸರು ಅದರಲ್ಲಿ ಎಲ್ಲಿದೆ? ಕಟ್ಟಡ ಬರುವ ಮೊದಲು ಗುಡಿ ಪಕ್ಕದ ಹೆಂಚಿನ ಮನೆಯಲ್ಲಿ ಎಂಟನೇ ಕ್ಲಾಸು ನಡೆಯುತ್ತಿತ್ತು, ಅದೂ ಇಲ್ಲ.

ಮೊನ್ನೆ ನಾನು ಅದೇ ಶಾಲೆಗೆ ಹೋಗಿದ್ದೆ. ಮಗಳ ಜಾತಿ ಪ್ರಮಾಣ ಪತ್ರಕ್ಕೆ ಅಪ್ಪನ ಶಾಲಾ ದಾಖಲೆ ತನ್ನಿ ಅಂತ ನಾಡಕಚೇರಿಯವರು ಹೇಳಿದ್ದರು. ಕೆಲಸಕ್ಕೆ ರಜೆ ಹಾಕಿ ಹೋದರೆ, ಗುಮಾಸ್ತರು ಮಹೋತ್ಸವದ ಕೆಲಸದಲ್ಲಿ, ಹೆಡ್ ಮಾಸ್ಟರ್ ಮೀಟಿಂಗ್‌ನಲ್ಲಿ. ಮಧ್ಯಾಹ್ನದವರೆಗೆ ಕಾದ ಮೇಲೆ, ಹಳೇ ದಾಖಲಾತಿ ಪುಸ್ತಕ 'ಎಲ್ಲೋ ಇದೆ ಸಾರ್' ಅಂದರು. ಆ ಎಲ್ಲೋ ಅನ್ನುವುದು ಸೋರುವ ಕೋಣೆ. ಮುರಿದ ಬೆಂಚುಗಳ ಕೆಳಗೆ ರಿಜಿಸ್ಟರ್‌ಗಳ ರಾಶಿ, ಅರ್ಧಕ್ಕೆ ಗೆದ್ದಲು. ನಮ್ಮ ವರ್ಷದ ಪುಟಗಳು ಕೈಗೆ ಅಂಟಿಕೊಂಡು ಬಂದವು. ಶಿಕ್ಷಣ ಇಲಾಖೆಯ ಬಿಇಒ ಆಫೀಸಿಗೆ ಹೋಗಿ ಅಂದರು, ಅಲ್ಲಿ ಶಾಲೆಯಲ್ಲೇ ಕೇಳಿ ಅಂದರು. ಈಗಿನ ಮಕ್ಕಳ ದಾಖಲೆಯೆಲ್ಲ ಎಸ್‌ಎಟಿಎಸ್ ಅನ್ನುವ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಇದೆಯಂತೆ. ನಾವು ಸ್ವಲ್ಪ ಮುಂಚೆ ಹುಟ್ಟಿಬಿಟ್ಟೆವು, ಕ್ಷಮಿಸಬೇಕು!

ಇದೇ ಇಲಾಖೆ 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿತು. ಆ ವರ್ಷ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ಟ ಮೇಲೆ. ಮಕ್ಕಳನ್ನು ಅಷ್ಟು ಹುಷಾರಾಗಿ ಕಾಯುವವರು ಒಂದು ಕ್ಯಾಮೆರಾನ ಆ ಕೋಣೆಗೂ ಹಾಕಲಿ, ಗೆದ್ದಲು ಸಿಕ್ಕಿಬೀಳುತ್ತೆ. ಸೈಕಲ್ ಕಥೆ ಬೇರೆ ಇದೆ. 2006-07ರಲ್ಲಿ ಶುರುವಾದ ಯೋಜನೆ, ಎಂಟನೇ ಕ್ಲಾಸಿನವರಿಗೆ ಸೈಕಲ್. ಕೊರೊನಾ ಬಂದಾಗ ನಿಂತಿದ್ದು, ನಮ್ಮ ಶಾಲೆಯ ಮಕ್ಕಳು ಈಗಲೂ ಲಾರಿಗಳ ನಡುವೆ ನಡೆದೇ ಬರುತ್ತಾರೆ.

ಇನ್ನು ಶಾಲೆ ಮುಂದಿನ ಮೋರಿ. 2007ರಲ್ಲಿ 110 ಹಳ್ಳಿಗಳನ್ನು ಬಿಬಿಎಂಪಿಗೆ ಸೇರಿಸಿದಾಗ ನಮ್ಮೂರೂ ಸೇರಿತು. ಈಗ ಗ್ರೇಟರ್ ಬೆಂಗಳೂರು ಅಂತ ಐದು ಪಾಲಿಕೆ ಮಾಡಿದ್ದಾರೆ. ಬೋರ್ಡಿಗೆ ಬಣ್ಣ ಬಳಿದದ್ದೇ ಬಂತು. ಮೋರಿ ಕೇಳಿದರೆ ಶಾಲೆಯವರು ಪಾಲಿಕೆ ಕಡೆ ಕೈ ತೋರಿಸುತ್ತಾರೆ, ಪಾಲಿಕೆಯವರು ಶಿಕ್ಷಣ ಇಲಾಖೆ ಕಡೆ. ಮಳೆ ಬಂದರೆ ನೀರು ನಿಲ್ಲುವುದು ಮಾತ್ರ ಎಂಟನೇ ಕ್ಲಾಸಿನ ಬಾಗಿಲಲ್ಲೇ. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯವರಿಗೆ ಇದೆಲ್ಲ ಕಾಣಲ್ವಾ, ಅಥವಾ ಅವರೂ ಶಾಮಿಯಾನ ಕಟ್ಟಿಸುವುದರಲ್ಲಿ ಬ್ಯುಸಿನಾ?

ಹಳೇ ರಿಜಿಸ್ಟರ್‌ಗಳನ್ನು ಸ್ಕ್ಯಾನ್ ಮಾಡಿಸಲಿ, ಆಗದಿದ್ದರೆ ಒಂದು ಕಬ್ಬಿಣದ ಬೀರುವಾದರೂ ಕೊಡಿಸಲಿ. ಆ ಕಲ್ಲನ್ನೂ ತಿದ್ದಿಸಲಿ, ಮೋರಿಯನ್ನೂ ನೋಡಲಿ. ಯಾರು ಮಾಡಬೇಕು ಅಂತ ನನ್ನನ್ನು ಕೇಳಬೇಡಿ. 'ಸಂಬಂಧಪಟ್ಟವರು ಗಮನ ಹರಿಸಲಿ' ಅಂತ ದಿನಾ ಬರೆಯುತ್ತೀರಲ್ಲ, ಅವರೇ ಮಾಡಲಿ. ಅವರು ಎಲ್ಲಿ ಕೂರುತ್ತಾರೆ ಅಂತ ನಿಮಗೇನಾದರೂ ಗೊತ್ತಿದ್ದರೆ ನಾಳೆ ಪತ್ರಿಕೆಯಲ್ಲಿ ಅದನ್ನೇ ಹಾಕಿ.

— ಹಳೇ ವಿದ್ಯಾರ್ಥಿ, ಬೆಂಗಳೂರು